1804ರ ಅಮೆರಿಕದ ಸೆಂಟ್ ನಾಣ್ಯ ಕೊಳ್ಳುವವರೇ, ಫೋಟೋ ನೋಡಿ ಹಣ ಕಳಿಸಬೇಡಿ

1,100 ಡಾಲರ್. ಮೊದಲೇ ಹೇಳಿಬಿಡುತ್ತೇನೆ, ತಡಮಾಡಿದರೆ ನಾಚಿಕೆಯಿಂದ ಬಾಯಿ ಬರುವುದಿಲ್ಲ. ಅಷ್ಟು ಹಣ ಕೊಟ್ಟು ನಾನು ತರಿಸಿಕೊಂಡದ್ದು, ಯಾರೋ ಕೊನೆಯ ಅಂಕಿಯನ್ನು ಕೆತ್ತಿ ತಿದ್ದಿ 1804 ಮಾಡಿದ 1803ರ ತಾಮ್ರದ ಸೆಂಟ್. ಅಷ್ಟೇ ಸವೆದ 1803ರ ಸೆಂಟ್ ನೂರು ಡಾಲರಿನ ಆಸುಪಾಸಿಗೆ ಸಿಗುತ್ತದೆ.

ಫಿಲಡೆಲ್ಫಿಯಾ ಟಂಕಸಾಲೆಯ ಹಳೆಯ ದೊಡ್ಡ ಸೆಂಟ್‌ಗಳನ್ನು ಕೂಡಿಸುವವರಿಗೆ 1804 ಎಷ್ಟು ಅಪರೂಪವೆಂದು ಬಿಡಿಸಿ ಹೇಳಬೇಕಿಲ್ಲ. 1793, 1799, 1804 ಮೂರೂ ಸಿಗದೆ ಯಾರ ಸಂಗ್ರಹವೂ ತುಂಬುವುದಿಲ್ಲ. ಈ ಸೆಂಟ್‌ಗಳ ಒಂದೊಂದು ಬಗೆಗೂ ಸಂಖ್ಯೆ ಕೊಟ್ಟಿರುವ ಶೆಲ್ಡನ್ ಪಟ್ಟಿಯಲ್ಲಿ ಆ ವರ್ಷಕ್ಕೆ ಒಂದೇ ಸಂಖ್ಯೆ, 266. ಎರಡು ಮುಖಗಳನ್ನು ಒತ್ತಲು ಒಂದೇ ಜೋಡಿ ಅಚ್ಚು. 1794ರ ಹಾಗೆ ಹತ್ತಾರು ಅಚ್ಚುಗಳ ನಡುವೆ ಕಣ್ಣು ಕೀಳುವ ಕಷ್ಟವಿಲ್ಲ. ಆದರೂ ಬಿದ್ದೆ.

ಮಾರುವವನು ಎರಡೂ ಮುಖಗಳ ಫೋಟೋ ಕಳಿಸಿದ್ದ. ಅಜ್ಜಿಯ ಗುಂಡಿ ಡಬ್ಬಿಯಲ್ಲಿ ಸಿಕ್ಕಿತು ಎಂಬ ಕಥೆಯೂ ಜೊತೆಗಿತ್ತು. (ಈ ದೇಶದ ಅಜ್ಜಿಯರ ಗುಂಡಿ ಡಬ್ಬಿಗಳಲ್ಲಿ ಎಷ್ಟೊಂದು ಅಪರೂಪದ ನಾಣ್ಯಗಳಿವೆಯೋ!) ನಾನು ನೋಡಿದ್ದು ವರ್ಷವನ್ನು ಮಾತ್ರ. ಅಂಕಿ ನಾಲ್ಕೇ, ಹೌದು ನಾಲ್ಕೇ. ಹಣ ಕಳಿಸಿದೆ. ನಾಣ್ಯ ಬಂತು, ಪೆಟ್ಟಿಗೆಯಲ್ಲಿಟ್ಟು ಐದು ವಾರ ದಿನವೂ ತೆರೆದು ನೋಡಿದೆ. ಹಿಂದಿರುಗಿಸಲು ಇದ್ದ ಹದಿನಾಲ್ಕು ದಿನ ಆ ಸಂಭ್ರಮದಲ್ಲೇ ಕಳೆದುಹೋಯಿತು.

ಆರನೆಯ ವಾರ ಹಿರಿಯ ಗೆಳೆಯರೊಬ್ಬರಿಗೆ ತೋರಿಸಿದೆ. ಅವರು ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ಕೂಡ ಕೈಗೆತ್ತಿಕೊಳ್ಳಲಿಲ್ಲ. ವರ್ಷದ ಸೊನ್ನೆಯ ಮೇಲೆ ಹೆಬ್ಬೆರಳಿಟ್ಟು, ಹಿಂದೆ ತೋರುಬೆರಳಿನಿಂದ ಚಿವುಟಿ ಹಿಡಿದು, ತಿರುಗಿಸಿ ನೋಡಿದರು. ಒಂದು ಮಾತೂ ಆಡದೆ ಕೆಳಗಿಟ್ಟು, “ಎಷ್ಟು ಕೊಟ್ಟಿರಿ?” ಎಂದರು. ನನಗೆ ಅಲ್ಲೇ ಬೆವರಿತು. ಅಸಲಿ 1804ರಲ್ಲಿ ಹಿಂಬದಿಯ ಅಚ್ಚು ಓರೆಯಾಗಿ ಕೂತಿತ್ತು. ಹಾಗಾಗಿ ಸೊನ್ನೆಯ ನೇರ ಬೆನ್ನಿಗೆ, ಹಿಂಬದಿಯ ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಬರಹದ ‘ಆಫ್’ ಪದದ ‘ಓ’ ಬರುತ್ತದೆ. ನನ್ನದರಲ್ಲಿ ಬೆರಳು ಬಿದ್ದದ್ದು ‘ಸ್ಟೇಟ್ಸ್’ ಮೇಲೆ. ಇದು ನನಗೆ ಗೊತ್ತಿತ್ತು! ಎಲ್ಲ ಕೈಪಿಡಿಗಳಲ್ಲೂ ಇರುವ ವಿಷಯ, ನಾನೇ ಬೇರೆಯವರಿಗೆ ಹೇಳಿಕೊಟ್ಟ ವಿಷಯ. ಫೋಟೋದಲ್ಲಿ ಎರಡೂ ಮುಖಗಳನ್ನು ನೆಟ್ಟಗೆ ತಿರುಗಿಸಿ ಇಟ್ಟರೆ ಈ ಓರೆ ಕಾಣುವುದೇ ಇಲ್ಲ. ಅದಕ್ಕೇ ಅವನು ಹಾಗೆ ಇಟ್ಟದ್ದು.

ಮನೆಗೆ ಬಂದು ಲೂಪ್ ಹಿಡಿದರೆ ನಾಲ್ಕರ ಸುತ್ತ ತಾಮ್ರ ತಗ್ಗಾಗಿದೆ, ಗೀರುಗಳಿವೆ. ಐದು ವಾರ ನನ್ನ ಕಣ್ಣು ಎಲ್ಲಿತ್ತು?

ಮಾರಿದವನಿಗೆ ಬರೆದೆ. ಮೊದಲ ಉತ್ತರ: “ಇನ್ನೂರು ವರ್ಷದ ನಾಣ್ಯ, ಗೀರು ಇರದೆ ಇರುತ್ತದೆಯೇ?” ಅಚ್ಚಿನ ಮಾತೆತ್ತಿದೆ. ಎರಡನೆಯದು: “ಹಾಗಾದರೆ ಅದು ಮರುಟಂಕ ಇರಬೇಕು, ಅದಕ್ಕೂ ಬೆಲೆ ಇದೆ.” ಈ ಉತ್ತರ ಓದಿ ನನಗೆ ಸಿಟ್ಟಿಗಿಂತ ನಗು ಬಂತು. 1804ರ ಮರುಟಂಕಗಳು, ಎಂದರೆ ಆಮೇಲೆ ಮತ್ತೆ ಒತ್ತಿದ ನಾಣ್ಯಗಳು, ಇರುವುದು ನಿಜ. ಬಹಳ ವರ್ಷಗಳ ನಂತರ ಯಾರೋ 1803ರ ಹಳೆಯ ಅಚ್ಚನ್ನು ತಿದ್ದಿ, ಹಿಂಬದಿಗೆ 1820ರ ಅಚ್ಚು ಹಾಕಿ ಒತ್ತಿದವು. 1820ರ ಅಚ್ಚಿನಲ್ಲಿ ಕೆಳಗೆ 1/100 ಎಂಬ ಭಿನ್ನರಾಶಿ ಇಲ್ಲ. ನನ್ನ ನಾಣ್ಯದಲ್ಲಿ ಇದೆ. ಬರೆದು ಕೇಳಿದೆ. ಮೂರನೆಯ ಉತ್ತರ: “ನೀವು ಇಷ್ಟು ತಿಳಿದವರು, ಕೊಳ್ಳುವ ಮೊದಲು ನೋಡಬೇಕಿತ್ತು.” ಅಲ್ಲಿಗೆ ಮುಗಿಯಿತು. ಇದಕ್ಕೆ ಏನು ಹೇಳಲಿ? ಅವನು ಹೇಳಿದ್ದರಲ್ಲಿ ಸುಳ್ಳಲ್ಲದ ಮಾತು ಅದೊಂದೇ.

ದಯವಿಟ್ಟು ಕೇಳಿ. ಸೊನ್ನೆಯ ಹತ್ತಿರ ನಾಣ್ಯವನ್ನು ಚಿವುಟಿ ಹಿಡಿದು ತಿರುಗಿಸುವ ವಿಡಿಯೋ ಕಳಿಸಲು ಹೇಳಿ. ಕಳಿಸದವನಿಂದ ಕೊಳ್ಳಬೇಡಿ. ಕೈಗೆ ಬಂದ ದಿನವೇ, ಆ ದಿನವೇ, ತಿಳಿದವರ ಪರಿಶೀಲನೆಗೆ ಕಳಿಸಿ. ನನ್ನ ಹಾಗೆ ಪೆಟ್ಟಿಗೆ ತೆರೆದು ಮುಚ್ಚುತ್ತ ಕೂರಬೇಡಿ.

ಇಷ್ಟು ಅವಸರದಲ್ಲಿ ಬರೆಯಲು ಕಾರಣವಿದೆ. ನಿನ್ನೆ ರಾತ್ರಿ ಅವನು ಇನ್ನೊಂದು 1804 ಮಾರಾಟಕ್ಕಿಟ್ಟಿದ್ದಾನೆ. ಅದೂ ಅಜ್ಜಿಯದೇ. ಎರಡೂ ಮುಖಗಳು ನೆಟ್ಟಗೆ ನಿಂತಿವೆ.