ಕಾರವಾರ ಪೇಟೆಯ ಹಿತ್ತಾಳೆ ರಿಪೇರಿ ಅಂಗಡಿ: ಹೆಸರು ಕೆತ್ತಿಸಲು ಹೋಗಿದ್ದೆ

ಕೆಲಸ ಚೊಕ್ಕ, ಮಾತು ನೇರ, ದರ ನ್ಯಾಯ. ಬೋರ್ಡು ಇಲ್ಲ, ಪೇಟೆಯ ಹಿಂದಿನ ಓಣಿಯಲ್ಲಿ ಸುತ್ತಿಗೆ ಸದ್ದು ಕೇಳಿದಲ್ಲಿ ನಿಂತರೆ ಅದೇ ಅಂಗಡಿ. ಮಧ್ಯಾಹ್ನ ಮುಚ್ಚಿರುತ್ತದೆ. ಹೇಳಿದ ದಿನಕ್ಕಿಂತ ಎರಡು ದಿನ ತಡ ಮಾಡಿದರು, ಅದೊಂದು ನನಗೆ ಹಿಡಿಸಲಿಲ್ಲ.

ನಾನು ಒಯ್ದದ್ದು ನಮ್ಮ ಇಗರ್ಜಿಯ ಬೋಗುಣಿ. ಈಸ್ಟರ್ ಹಬ್ಬದ ಮುಂಚಿನ ಪವಿತ್ರ ಗುರುವಾರ ಸಂಜೆ ಫಾದರ್ ಹನ್ನೆರಡು ಮಂದಿಯ ಕಾಲು ತೊಳೆಯುವುದು ಅದರಲ್ಲೇ. ಅಂಚು ಬಿರುಕು ಬಿಟ್ಟು ಸೋರುತ್ತಿತ್ತು. ಅದನ್ನು ತೂಕಕ್ಕೆ ಹಾಕಿ, ದೊಡ್ಡದೊಂದು ಹೊಸದು ಕೊಂಡು, ತೀರಿಹೋದ ಯಜಮಾನರ ಹೆಸರು, ಕೆಳಗೆ ನನ್ನ ಹೆಸರು ಕೆತ್ತಿಸಿ ಕೊಡಬೇಕೆಂದು ಹೋಗಿದ್ದೆ.

ಅಂಗಡಿಯವರು ಬೋಗುಣಿ ಮಗುಚಿ, ಬೆರಳಲ್ಲಿ ತಟ್ಟಿ ಸದ್ದು ಕೇಳಿದರು. "ಅಕ್ಕೋರೆ, ಇದು ಹಳೇ ಕಾಲದ ದಪ್ಪ ತಗಡು. ಈಗ ಇಂಥದು ಸಿಗುದಿಲ್ಲ. ಬೆಸುಗೆ ಹಾಕ್ತೆ, ಸಾಕು." ಹೊಸದು ಮಾರಿದ್ದರೆ ಅವರಿಗೆ ನಾಲ್ಕು ಕಾಸು ಹೆಚ್ಚೇ ಸಿಗುತ್ತಿತ್ತು. ಸರಿ, ಇದರಲ್ಲೇ ಹೆಸರು ಹಾಕಿ ಎಂದೆ.

"ಹೊರಗೆ ಹಾಕಿದ್ರೆ ಅಂಚಿನ ಅಡಿಗೆ ಹೋಗ್ತದೆ, ಯಾರಿಗೂ ಕಾಣುದಿಲ್ಲ. ಒಳಗೆ ಹಾಕಿದ್ರೆ ಕಾಲಿನ ಕೊಳೆ ಅಕ್ಷರದಲ್ಲೇ ಕೂತ್ಕಳ್ತದೆ, ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಹೋಗುದಿಲ್ಲ. ಎಲ್ಲಿ ಹಾಕ್ಲಿ?"

ಅವರು ಕೇಳಿದ್ದು ಕೆಲಸದ ಮಾತು. ನನಗೆ ಬಾಯಿ ಕಟ್ಟಿತು.

ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯವನ್ನು ಎಷ್ಟು ಸಲ ಓದಿದ್ದೇನೋ. ಯೇಸು ಊಟದಿಂದೆದ್ದು, ಸೊಂಟಕ್ಕೆ ವಸ್ತ್ರ ಕಟ್ಟಿ, ಶಿಷ್ಯರ ಕಾಲು ತೊಳೆದು ಆಳಿನ ಕೆಲಸ ಮಾಡಿದರು. ಅವರನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನೂ ಅಲ್ಲೇ ಇದ್ದ. ಆ ಕೆಲಸದ ಪಾತ್ರೆಯ ಮೇಲೆ ನನಗೆ ನನ್ನ ಹೆಸರು ಬೇಕಿತ್ತು! ಸುಳ್ಳು ಹೇಳಿದರೆ ಮನಸ್ಸು ಚುಚ್ಚುತ್ತದೆ. ಗರ್ವ ಹಾಗಲ್ಲ, ದಾನದ ಬೆನ್ನಿಗೇ ಬಂದು ಭಕ್ತಿಯ ಹಾಗೇ ಕೂರುತ್ತದೆ. ಪೋಪ್ ಮಹಾ ಗ್ರೆಗೊರಿ ಅದನ್ನು ಏಳು ಪಾಪಗಳಲ್ಲಿ ಒಂದಾಗಿ ಎಣಿಸದೆ ಎಲ್ಲದರ ಬೇರು ಎಂದದ್ದು ಸುಮ್ಮನೆ ಅಲ್ಲ. ಲೂಕನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ತನ್ನ ಭಕ್ತಿ ಕೊಚ್ಚಿಕೊಂಡ ಫರಿಸಾಯನೂ (ಕಟ್ಟುನಿಟ್ಟಿನ ಯೆಹೂದಿ ಪಂಥದವನು) ವಾರಕ್ಕೆ ಎರಡು ದಿನ ಉಪವಾಸವಿದ್ದವನೇ, ಹತ್ತರಲ್ಲೊಂದು ಪಾಲು ಕೊಟ್ಟವನೇ. ಆದರೆ ದೇವರು ಮೆಚ್ಚಿದ್ದು ಎದೆ ಬಡಿದುಕೊಂಡ ಸುಂಕದವನನ್ನು.

ಹೆಸರು ಬೇಡ ಎಂದೆ. ಬೆಸುಗೆ, ಪಾಲಿಶ್ ಸೇರಿ 280 ರೂಪಾಯಿ. ಬೆಸುಗೆಯ ಗೆರೆ ಬೆರಳಿಗೂ ಸಿಗದಷ್ಟು ನಯ.

2016ರಿಂದ ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ಹೆಂಗಸರೂ ಕೂರಬಹುದು. ಈ ಸಲ ನನ್ನನ್ನೂ ಕೂರಿಸಿದರು. ಸೀಳುಬಿಟ್ಟ ಹಿಮ್ಮಡಿ ತೋರಿಸಲು ನಾಚಿಕೆಯಾಗಿ ಕಾಲು ಹಿಂದೆಳೆದೆ, ಯೇಸುವಿನ ಶಿಷ್ಯ ಪೇತ್ರನೂ ಅಂದು ಬೇಡವೆಂದಿದ್ದ. ಫಾದರ್ ಹಿಮ್ಮಡಿ ಹಿಡಿದು ನೀರು ಹೊಯ್ದರು. ಬೋಗುಣಿಯ ಅಡಿಗೆ ಹಾಸಿದ್ದ ಬಿಳಿ ಬಟ್ಟೆ ಕೊನೆಯವರೆಗೂ ಒಣಗಿಯೇ ಇತ್ತು.