ಕರಾವಳಿಯವರೇ, ಹಳೆಯ ರೇಂಜ್‌ಫೈಂಡರ್ ದುರ್ಬೀನು ಕೊಳ್ಳುವ ಮುಂಚೆ ಇದನ್ನು ಓದಿ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಕಡೆಯವರು ಯಾರಾದರೂ ದೂರ ಅಳೆಯುವ ಲೇಸರ್ ಇರುವ ದುರ್ಬೀನು ತಗೊಳ್ಳುವ ಯೋಚನೆಯಲ್ಲಿದ್ದೀರಾ? ಅದರಲ್ಲೂ ಸೆಕೆಂಡ್ ಹ್ಯಾಂಡ್? ಹಾಗಿದ್ದರೆ ದಯವಿಟ್ಟು ಹಣ ಕಳಿಸುವ ಮುಂಚೆ ಇದನ್ನು ಪೂರ್ತಿ ಓದಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರಿಗೂ ಇದು ಅನ್ವಯಿಸುತ್ತದೆ. ಮಳೆಗಾಲದ ಥಂಡಿ ಅಲ್ಲೇನೂ ಕಡಿಮೆ ಇಲ್ಲ.

ಈ ದುರ್ಬೀನುಗಳು ಮುಖ್ಯವಾಗಿ ಹೊರದೇಶದ ಬೇಟೆಗಾರರಿಗಾಗಿ ತಯಾರಾಗುವಂಥವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ, ಅದು ಸರಿಯೇ. ಆದರೆ ಹಕ್ಕಿ ಗಣತಿ ಮಾಡುವವರಿಗೆ ಈ ಉಪಕರಣ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕಾಡಿನ ಹಾದಿಯಲ್ಲಿ ನಡೆಯುತ್ತಾ ಕಂಡ ಮಂಗಟ್ಟೆ ಎಷ್ಟು ದೂರದಲ್ಲಿತ್ತು ಎಂದು ಬರೆದುಕೊಂಡರೆ, ಆ ಜಾಗದಲ್ಲಿ ಒಟ್ಟು ಎಷ್ಟು ಇರಬಹುದು ಎಂದು ಲೆಕ್ಕ ಹಾಕುವ ವಿಧಾನ ಇದೆ. ಕಣ್ಣಂದಾಜಿನಲ್ಲಿ ಒಬ್ಬರು 40 ಮೀಟರ್ ಅಂದರೆ ಇನ್ನೊಬ್ಬರು 70 ಅನ್ನುತ್ತಾರೆ. ಅಲ್ಲಿಗೆ ಇಡೀ ಲೆಕ್ಕ ಕೆಟ್ಟಂತೆ. ಅದಕ್ಕೇ ನಾವು ಗೆಳೆಯರು ಹಣ ಕೂಡಿಸಿ ಒಂದನ್ನು ತಗೊಂಡೆವು.

ದೊಡ್ಡ ಊರಿನ ಒಂದು ಅಂಗಡಿ. ಹೆಸರು ಬೇಡ. ಹಳೆಯ ಕ್ಯಾಮೆರಾ, ಲೆನ್ಸ್, ದುರ್ಬೀನು ಮಾರುತ್ತಾರೆ. "ಸರ್, ಇದನ್ನು ಯಾರೂ ಬಿಚ್ಚಿಲ್ಲ. ಒಳಗೆ ನೈಟ್ರೋಜನ್ ಹಾಗೇ ಇದೆ. ನೀರಲ್ಲಿ ಮುಳುಗಿಸಿದರೂ ಏನೂ ಆಗಲ್ಲ" ಎಂದು ವಾಟ್ಸ್ಯಾಪಿನಲ್ಲಿ ಬರೆದೇ ಕೊಟ್ಟರು. ನೈಟ್ರೋಜನ್ ಅಂದರೆ ಒಳಗೆ ಮಂಜು ಕೂರದಿರಲಿ ಎಂದು ತಯಾರಿಸುವಾಗಲೇ ತುಂಬಿ ಸೀಲ್ ಮಾಡುವ ಒಣ ಅನಿಲ. ಫೋಟೋ ಚೆನ್ನಾಗಿತ್ತು, ವಿಡಿಯೋ ಕೇಳಿದ್ದಕ್ಕೆ ಅದನ್ನೂ ಕಳಿಸಿದರು. ಬೇಸಿಗೆಯಲ್ಲಿ ಎಲ್ಲ ಸರಿಯಾಗೇ ಇತ್ತು. ಕಾಳಿ ನದಿಯ ಅಳಿವೆಯಲ್ಲಿ ನೀರುಕಾಗೆ, ಬೆಳ್ಳಕ್ಕಿಗಳನ್ನು ನೋಡಿದಾಗ ದೃಶ್ಯ ಸ್ವಚ್ಛವಾಗಿತ್ತು.

ಆರಿದ್ರಾ ಮಳೆ ಹಿಡಿಯಿತು ನೋಡಿ, ಬಣ್ಣ ಬಯಲಾಯಿತು. ಗಾಜಿನ ಒಳಬದಿಗೆ ಮಂಜು ಕೂತಿತು. ಹೊರಗೆ ಕೂತ ಮಂಜಾದರೆ ಒರೆಸಿದರೆ ಹೋಗುತ್ತದೆ, ಇದು ಹೋಗಲಿಲ್ಲ. ಆಷಾಢ ಮುಗಿಯುವ ಹೊತ್ತಿಗೆ ಬಲಗಡೆಯ ನಳಿಗೆಯೊಳಗೆ ಜೇಡರ ಬಲೆಯಂಥ ಸಣ್ಣ ಸಣ್ಣ ಎಳೆಗಳು ಕಂಡವು. ಬೂಷ್ಟು. ಜತೆಗೆ ದೂರ ತೋರಿಸುವ ಅಂಕಿಗಳೂ ಮಂಕಾಗಿ, ಒಮ್ಮೆ ಬಂದರೆ ಒಮ್ಮೆ ಇಲ್ಲ.

ಹುಬ್ಬಳ್ಳಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆವು. ಅವರು ಮುಂದಿನ ಗಾಜಿನ ಸುತ್ತಲಿನ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಮೊದ್ಲ ಯಾರೋ ಬಿಚ್ಯಾರ ನೋಡ್ರಿ, ಇಲ್ಲೇ ಗೀರು ಅದಾವ" ಎಂದರು. ಬಿಚ್ಚಿದಾಗ, ತೇವ ಒಳಹೋಗದಂತೆ ತಡೆಯಲು ಇರಬೇಕಾದ ರಬ್ಬರ್ ರಿಂಗೇ ಇರಲಿಲ್ಲ. ಯಾರೋ ಹಿಂದೆ ರಿಪೇರಿಗೆ ತೆಗೆದವರು ರಿಂಗ್ ವಾಪಸ್ ಹಾಕದೆ ಮುಚ್ಚಿದ್ದರು. ನೈಟ್ರೋಜನ್ ಎಂದೋ ಹೋಗಿತ್ತು. ಬೂಷ್ಟನ್ನು ಒರೆಸಿ ಕೊಟ್ಟರು, ಆದರೆ ಗಾಜಿನ ಮೇಲಿನ ಲೇಪನವನ್ನು ಅದು ಆಗಲೇ ತಿಂದಿತ್ತು. ಆ ಕಲೆ ಇನ್ನು ಹೋಗುವಂಥದ್ದಲ್ಲ. ತಯಾರಿಸಿದ ಕಂಪನಿಗೆ ಬರೆದರೆ, ಸೀರಿಯಲ್ ನಂಬರ್ ನೋಡಿ, ಇದು ಬೇರೆ ದೇಶದಲ್ಲಿ ಮಾರಿದ ಪೀಸು, ಭಾರತದಲ್ಲಿ ವಾರಂಟಿ ಇಲ್ಲ ಎಂದರು.

ನಮ್ಮ ಕಡೆ ಇದು ಇಷ್ಟು ಬೇಗ ಹಾಳಾಗಲು ಕಾರಣ ಇದೆ. ಕಾರವಾರದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೂಷ್ಟಿಗೆ ಗಾಳಿಯಲ್ಲಿ ಶೇ. 60–70ರಷ್ಟು ತೇವಾಂಶ ಇದ್ದರೆ ಸಾಕು. ಇಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಮೇಲೆ ಉಪ್ಪುಗಾಳಿ ಬೇರೆ. ಬಯಲುಸೀಮೆಯಲ್ಲಿ ರಿಂಗ್ ಇಲ್ಲದ ದುರ್ಬೀನು ವರ್ಷಗಟ್ಟಲೆ ಬಾಳಬಹುದು. ಆ ಅಂಗಡಿಯವರಿಗೂ ಅದು ಅಲ್ಲಿ ಸರಿಯಾಗೇ ಕಂಡಿರಬಹುದು. ಆದರೆ "ಯಾರೂ ಬಿಚ್ಚಿಲ್ಲ" ಎಂದು ಹೇಳಿದ್ದಿದೆಯಲ್ಲ, ಅದು ಸುಳ್ಳು.

ಹಾಗಾಗಿ ಹಳೆಯದನ್ನು ಕೈಯಲ್ಲಿ ಹಿಡಿದು ನೋಡದೆ ತಗೊಳ್ಳಬೇಡಿ. ಕೈಗೆ ಬಂದಾಗ ಮೊದಲು ಸ್ಕ್ರೂಗಳ ತಲೆ, ಮುಂದಿನ ಗಾಜಿನ ಬಳೆ ನೋಡಿ. ಉಪಕರಣ ಜಾರಿದ ಗೀರು ಇದ್ದರೆ ಅಲ್ಲಿಗೇ ಬಿಡಿ. ಆಮೇಲೆ ದೊಡ್ಡ ಗಾಜಿನ ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು, ಅದೇ ಕಡೆಯಿಂದ ಓರೆಯಾಗಿ ಒಳಗೆ ಇಣುಕಿ. ಧೂಳಿನ ಒಂದೆರಡು ಕಣ ಇದ್ದರೆ ಚಿಂತೆಯಿಲ್ಲ. ಎಳೆ, ಮೋಡದಂಥ ಪೊರೆ, ಕವಲೊಡೆದ ಗೆರೆ ಇದ್ದರೆ ಬೇಡ. ಇನ್ನೊಂದು ಪರೀಕ್ಷೆ ಯಾರೂ ಹೇಳುವುದಿಲ್ಲ: ಅದನ್ನು ಎಸಿ ಕೋಣೆಯಲ್ಲಿ ಒಂದು ಗಂಟೆ ಇಟ್ಟು ಹೊರಗೆ ತನ್ನಿ. ಮೇಲೆ ಕೂತ ಮಂಜನ್ನು ಒರೆಸಿ. ಒಳಗೆ ಮಂಜು ಉಳಿದರೆ ಸೀಲ್ ಹೋಗಿದೆ ಎಂದೇ ಅರ್ಥ.

ಕಣ್ಣಿನ ಕಡೆಯ ಗಾಜು ನಿಮ್ಮತ್ತ ಇರುವಂತೆ ದುರ್ಬೀನನ್ನು ತೋಳಿನ ಅಂತರದಲ್ಲಿ ಹಿಡಿದು, ದೊಡ್ಡ ಗಾಜನ್ನು ಆಕಾಶದ ಕಡೆಗೆ ತಿರುಗಿಸಿ. ಸೂರ್ಯನ ಕಡೆಗೆ ಮಾತ್ರ ಖಂಡಿತ ಬೇಡ. ಎರಡು ಬೆಳಕಿನ ಬಿಲ್ಲೆಗಳು ಕಾಣುತ್ತವೆ. 8x42 ಎಂದರೆ 8 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ. 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ. ಆ ಬಿಲ್ಲೆಯ ಅಗಲ ಅಷ್ಟಿರಬೇಕು, ದುಂಡಗಿರಬೇಕು. ಅಂಚು ಚೌಕವಾಗಿ ಕತ್ತರಿಸಿದಂತಿದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ಆನ್‌ಲೈನಿನಲ್ಲಿ "60x60" ಎಂದು ಮಾರುತ್ತಾರಲ್ಲ, ಅಷ್ಟು ಹಿಗ್ಗಿಸಿದ್ದೇ ನಿಜವಾದರೆ ಕೈಯಲ್ಲಿ ಹಿಡಿದು ಏನನ್ನೂ ನೋಡಲಾಗುವುದಿಲ್ಲ, ಬಿಲ್ಲೆಯೂ 1 ಮಿ.ಮೀ. ಮಾತ್ರ ಇರುತ್ತದೆ. ಅದು ಸುಮ್ನೆ ಬರೆದ ಅಂಕಿ. ಲೇಸರ್ ಇರುವ ದುರ್ಬೀನುಗಳಲ್ಲಿ ಒಂದು ನಳಿಗೆ ಸ್ವಲ್ಪ ಬಣ್ಣ ತಿರುಗಿದಂತೆ ಕಾಣುವುದುಂಟು. ಅಂಕಿ ತೋರಿಸುವ ಪೊರೆ ಅಲ್ಲಿರುವುದರಿಂದ ಹಾಗೆ. ಅದು ದೋಷವಲ್ಲ.

ಲೇಸರ್ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿಗೆ ಮರುಳಾಗಬೇಡಿ. 1,500 ಮೀಟರ್ ಎಂದು ಬರೆದಿದ್ದರೆ ಅದು ಬೆಳಕನ್ನು ಚೆನ್ನಾಗಿ ವಾಪಸ್ ಕಳಿಸುವ ಫಲಕಕ್ಕೆ. ಮರಕ್ಕೆ ಬಹಳ ಕಡಿಮೆ, ಪ್ರಾಣಿಯ ಮೈಗೆ ಇನ್ನೂ ಕಡಿಮೆ. ಬೆಳಕು ಹೋಗಿ ಬಂದ ಸಮಯ ಅಳೆದು ಅದು ದೂರ ಹೇಳುತ್ತದೆ. 150 ಮೀಟರ್ ಆಚೆಯ ಮರಕ್ಕೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಸಾಕು. ನಡುವೆ ಒಂದು ಎಲೆ ಬಂದರೂ ಎಲೆಯ ದೂರ ಹೇಳಿಬಿಡುತ್ತದೆ. ಮಂಜಿನಲ್ಲಿ, ಜಡಿಮಳೆಯಲ್ಲಿ ಅದರ ಆಟ ನಡೆಯುವುದಿಲ್ಲ. ಸಮತಟ್ಟಾದ ನೀರಿನ ಮೇಲೆ ಬಿಟ್ಟರೆ ಬೆಳಕು ಆಚೆಗೆ ಜಾರಿ ಹೋಗುತ್ತದೆ, ದೋಣಿಯ ಮೈಗೆ ಬಿಟ್ಟರೆ ಅಂಕಿ ಬರುತ್ತದೆ. ಘಟ್ಟದ ಇಳಿಜಾರಿನಲ್ಲಿ ಇನ್ನೊಂದು ತೊಡಕು. 30 ಡಿಗ್ರಿ ಓರೆಯಲ್ಲಿ 100 ಮೀಟರ್ ತೋರಿಸಿದರೆ ನೆಲದ ಮೇಲಿನ ದೂರ 87 ಮೀಟರ್ ಅಷ್ಟೆ. ಬೇಟೆಯ ಮೋಡ್‌ನಲ್ಲಿ ಕೆಲವು ಉಪಕರಣ ತಾನೇ ಕಳೆದು ಹೇಳುತ್ತವೆ, ಕೆಲವು ಹೇಳುವುದಿಲ್ಲ. ಗಣತಿಗೆ ಮುಂಚೆ ಯಾವ ಮೋಡ್‌ನಲ್ಲಿದೆ ಎಂದು ನೋಡಲೇಬೇಕು.

ಇಡುವ ಬಗ್ಗೆ. ಜೊತೆಗೆ ಬಂದ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಮಳೆಗಾಲ ಕಳೆಯಬೇಡಿ, ತೇವ ಹಿಡಿದಿಡುವುದೇ ಅದು. ಮುಚ್ಚಳಕ್ಕೆ ರಬ್ಬರ್ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್ ಸಾಕು. ಮೀಟರ್ ಶೇ. 40–50ರಲ್ಲಿ ನಿಲ್ಲಬೇಕು. ಜೆಲ್ ಬಣ್ಣ ಬದಲಿಸಿದರೆ ಬಿಸಿ ಮಾಡಿ ಒಣಗಿಸಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆಯಲ್ಲಿ ಮಾತ್ರ ಹುರಿಯಬೇಡಿ. ಅಕ್ಕಿ ಡಬ್ಬಿಯೊಳಗೆ ಹೂಳುವವರಿದ್ದಾರೆ, ಹೊಟ್ಟಿನ ಪುಡಿ ಸಂದಿಗೆಲ್ಲ ಹೋಗುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಹಿಡಿಯುತ್ತದೆ. ಸಮುದ್ರದ ದಂಡೆಯಿಂದ ಬಂದ ಮೇಲೆ ಬೈರಾಸಿನ ತುದಿಯಲ್ಲಿ ಒರೆಸುವ ಅಭ್ಯಾಸ ಬಿಡಿ. ಮರಳಿನ ಒಂದು ಕಣ ಸಾಕು ಗೀರಲು. ಮೊದಲು ಗಾಳಿ ಊದುವ ಬಲ್ಬು, ಆಮೇಲೆ ಮೆತ್ತನೆ ಬ್ರಷ್, ಕೊನೆಗೆ ಲೆನ್ಸಿನ ದ್ರವ ಹಚ್ಚಿದ ಮೈಕ್ರೋಫೈಬರ್ ಬಟ್ಟೆ. ಬಳಸದ ದಿನಗಳಲ್ಲಿ ಬ್ಯಾಟರಿ ತೆಗೆದಿಡಿ.

ಅಂಗಡಿಯವರು ಮೊದಲು ಫೋನನ್ನೇ ಎತ್ತಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟ ಮೇಲೆ ಉತ್ತರ ಬಂತು, ಬದಲಿಗೆ ಇನ್ನೊಂದು ಪೀಸು ಕೊಡುತ್ತೇವೆ ಎನ್ನುತ್ತಿದ್ದಾರೆ. ನಾವು ಒಪ್ಪಿಲ್ಲ, ಹಣವೇ ಬೇಕು ಎಂದಿದ್ದೇವೆ. ಅವರು ಬರೆದ ವಾಟ್ಸ್ಯಾಪ್ ಮಾತು, ಬಿಲ್ಲು, ಹುಬ್ಬಳ್ಳಿಯಲ್ಲಿ ಬಿಚ್ಚುವಾಗ ತೆಗೆದ ಫೋಟೋ ನಮ್ಮ ಹತ್ತಿರ ಇರುವುದರಿಂದಲೇ ಇಷ್ಟಾದರೂ ಮಾತು ಮುಂದುವರಿದಿದೆ. ನೀವೂ ಮಾತನ್ನು ಫೋನಿನಲ್ಲಿ ಮುಗಿಸದೆ ಬರಹದಲ್ಲಿ ತಗೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಅದು ಉಪಕರಣದ ಮೇಲಿನ ನಂಬರಿಗೆ ತಾಳೆಯಾಗುತ್ತದಾ ನೋಡಿ.

ಈಗ ಕೇಳಿದವರಿಗೆಲ್ಲ ನಾವು ಹೇಳುವುದು, ಎರಡನ್ನೂ ಬೇರೆ ಬೇರೆ ತಗೊಳ್ಳಿ. ಭಾರತದ ವಾರಂಟಿ ಇರುವ ಹೊಸ 8x42 ದುರ್ಬೀನು ಒಂದು, ಜೇಬಿನಲ್ಲಿ ಹಿಡಿಸುವ ಲೇಸರ್ ಅಳತೆಯಂತ್ರ ಇನ್ನೊಂದು. ಯಂತ್ರ ಕೆಟ್ಟರೂ ದುರ್ಬೀನು ಉಳಿಯುತ್ತದೆ, ಗಣತಿ ನಿಲ್ಲುವುದಿಲ್ಲ.