ದೇವಿಮನೆ ಘಟ್ಟ ಇಳಿದ ಮೇಲೆ ಸಿಡಿದ ಟೈರು

ಗ್ರಾವೆಲ್ ಬೈಕಿಗೆ, ಅಂದರೆ ಮಣ್ಣು ದಾರಿಗೂ ಆಗುವ ಸೈಕಲ್ಲಿಗೆ, ಡಾಂಬರು ರಸ್ತೆಗೆಂದೇ ಇನ್ನೊಂದು ಜೊತೆ ವೀಲ್ ಹುಡುಕುತ್ತಿದ್ದೀರಾ? ಅದೂ ಸೆಕೆಂಡ್ ಹ್ಯಾಂಡ್? ಹಾಗಾದರೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ.

ನನ್ನದು ಶಿರಸಿ. ತೋಟದ ದಾರಿಗೆ, ಯಾಣದ ಕಡೆಯ ಮಣ್ಣು ರಸ್ತೆಗೆ 40 ಎಂಎಂ ಟೈರು ಚೆನ್ನಾಗೇ ಇತ್ತು. ಆದರೆ ಘಟ್ಟ ಇಳಿದು ಕುಮಟಾದಿಂದ ಅಂಕೋಲಾ ಕಡೆ ಹೆದ್ದಾರಿ ಹಿಡಿದರೆ ಟೈರು ಗುಂಯ್ ಅನ್ನುತ್ತದೆ, ಕಾಲು ಸೋಲುತ್ತದೆ. ಆನ್‌ಲೈನಲ್ಲಿ ಒಬ್ಬರ ಹತ್ತಿರ ಕಾರ್ಬನ್ ವೀಲ್ ಸಿಕ್ಕಿತು. "ಯಾವ ಟೈರಾದ್ರೂ ಕೂರುತ್ತೆ ಸರ್, ಹಾಕ್ಕೊಂಡು ಹೊರಡಿ" ಅಂದರು.

ಹಾಕಿದ ದಿನವೇ ಕಿರಿಕಿರಿ. ರೋಟರ್, ಅಂದರೆ ವೀಲಿನ ಜೊತೆ ತಿರುಗುವ ಡಿಸ್ಕ್ ಬ್ರೇಕಿನ ಬಿಲ್ಲೆ, ಬ್ರೇಕ್ ಪ್ಯಾಡಿಗೆ ಉಜ್ಜುತ್ತಿತ್ತು. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಸರಿಸಿ ಸರಿಮಾಡಿದೆ. ಹಳೆ ವೀಲ್ ಹಾಕಿದರೆ ಅದು ಉಜ್ಜತೊಡಗಿತು! ಹಿಂದಿನ ವೀಲಿನ ಹೊಸ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಮೇಲೆ ನನ್ನ ಸವೆದ ಚೈನು ಹಾರುತ್ತಿತ್ತು, ಹೊಸ ಚೈನು ತಂದೆ. ಇದೆಲ್ಲ ದುಡ್ಡಿನ ಮಾತು. ಮುಂದಿನದು ಜೀವದ್ದು.

ಮನೆಯಲ್ಲಿ ಹಳೆ ರೋಡ್ ಬೈಕಿನ 25 ಎಂಎಂ ಟೈರು ಸುಮ್ನೆ ಬಿದ್ದಿದ್ದವು. ಟ್ಯೂಬ್ ಹಾಕಿ ಕೂರಿಸಿದೆ. ಯಾವತ್ತಿನ ಹಾಗೆ 95 ಪಿಎಸ್‌ಐ ಗಾಳಿ. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಹೊರಟು, ದೇವಿಮನೆ ಘಟ್ಟವನ್ನು ಒಳ್ಳೇ ವೇಗದಲ್ಲೇ ಇಳಿದೆ. ಬೈಕು ಹಕ್ಕಿಯ ಹಾಗಿತ್ತು, ಸುಳ್ಳು ಹೇಳುವುದಿಲ್ಲ.

ಕತಗಾಲದಲ್ಲಿ ಬೈಕನ್ನು ಬಿಸಿಲಿಗೆ ಒರಗಿಸಿ, ಹೋಟೆಲಿನಲ್ಲಿ ಬನ್ಸ್ ಮುರಿಯುತ್ತಿದ್ದೆ. ಢಂ! ಗಲ್ಲಾಪೆಟ್ಟಿಗೆ ಹತ್ತಿರ ಕೂತಿದ್ದವರು ಎದ್ದೇ ನಿಂತರು. "ತಮಾ, ಎಂತ ಆತೋ?" ಮುಂದಿನ ಟೈರು ರಿಮ್ ಬಿಟ್ಟು ನೇತಾಡುತ್ತಿತ್ತು, ಟ್ಯೂಬು ಗೇಣುದ್ದ ಸೀಳಿತ್ತು. ಕಾಲು ಗಂಟೆ ಮುಂಚೆ ನಾನು ಅದೇ ಟೈರಿನ ಮೇಲೆ ತಿರುವು ತೆಗೆಯುತ್ತಿದ್ದೆ. ಬನ್ಸ್ ಮುಗಿಸಲಾಗಲಿಲ್ಲ.

ಆ ರಿಮ್ ಹುಕ್‌ಲೆಸ್. ಮಾಮೂಲಿ ರಿಮ್ಮಿನ ಅಂಚು ಒಳಕ್ಕೆ ಕೊಕ್ಕೆಯ ಹಾಗೆ ಬಾಗಿರುತ್ತದೆ, ಟೈರಿನ ಬೀಡ್, ಅಂದರೆ ಅದರ ಗಟ್ಟಿ ಅಂಚು, ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹುಕ್‌ಲೆಸ್‌ನಲ್ಲಿ ಗೋಡೆ ನೆಟ್ಟಗೆ. ಹಿಗ್ಗದ ಬೀಡ್ ಇರುವ ಟ್ಯೂಬ್‌ಲೆಸ್ ಟೈರೇ ಬೇಕು, ಒಳಗೆ ಟ್ಯೂಬ್ ಹಾಕಿದರೂ ಸರಿಯೇ. ಗಾಳಿ 5 ಬಾರ್, ಅಂದರೆ 72.5 ಪಿಎಸ್‌ಐ ದಾಟಬಾರದು. ನಾನು 95 ತುಂಬಿದ್ದೆ, ಕರಾವಳಿಯ ಬಿಸಿಲು ಇನ್ನೊಂದು ಹತ್ತು ಸೇರಿಸಿರಬೇಕು. ಟೈರಿನ ಮೇಲೆ 120 ತನಕ ಅಂತಲೇ ಬರೆದಿತ್ತು. ಟೈರು, ರಿಮ್ ಎರಡರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಲೆಕ್ಕ ಅಂತ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. 2024ರ ಯುಎಇ ಟೂರ್ ಸೈಕಲ್ ರೇಸಿನಲ್ಲಿ ತೋಮಸ್ ಡಿ ಗೆಂಟ್‌ ಅವರಂಥ ಪಳಗಿದ ರೈಡರ್‌ಗೂ ಹುಕ್‌ಲೆಸ್ ರಿಮ್ಮಿನಿಂದ ಟೈರು ಕಳಚಿ, ದೊಡ್ಡ ಗಲಾಟೆಯಾಗಿತ್ತು.

ಕೊಳ್ಳುವಾಗ ಟೈರು ಬಿಚ್ಚಿಸಿ ರಿಮ್ಮಿನ ಒಳ ಅಂಚಿಗೆ ಬೆರಳು ಆಡಿಸಿ. ಕೊಕ್ಕೆ ತಾಗದಿದ್ದರೆ, ಆ ರಿಮ್ ಕಂಪನಿಯ ಒಪ್ಪಿಗೆ ಪಟ್ಟಿಯಲ್ಲಿ ನಿಮ್ಮ ಟೈರು, ಅದರ ಅಗಲ ಎರಡೂ ಇವೆಯಾ ನೋಡಿ. ಮಾರುವವರ ಮಾತು ಸಾಕಾಗುವುದಿಲ್ಲ. ನನಗೆ ಮಾರಿದವರು ಫೋನಿನಲ್ಲಿ "ನೀವೇ ನೋಡ್ಕೋಬೇಕಿತ್ತು ಸರ್" ಅಂದರು.

ಬೈಕನ್ನು ಬಸ್ಸಿಗೇರಿಸಿ ಮನೆ ಸೇರಿದೆ. ಈಗ ಹಳೆ ವೀಲಿಗೇ 32 ಎಂಎಂ ನುಣುಪು ಟೈರು ಹಾಕಿದ್ದೇನೆ. ಬದಲಿಸಲು ಅರ್ಧ ಗಂಟೆ ಬೇಕು, ಅಷ್ಟೇ. ಕಾರ್ಬನ್ ವೀಲ್ ಅಟ್ಟದ ಮೇಲಿದೆ. ಕೊಳ್ಳಲು ಇಬ್ಬರು ಫೋನ್ ಮಾಡಿದ್ದರು. ಇದನ್ನೆಲ್ಲ ಹೇಳಿದೆ, ಇಟ್ಟುಬಿಟ್ಟರು.